ಬೀಗ ಹಾಕಿದ ಬಹುಮಾನ

ಮಲಾಡ್‌ನಿಂದ ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿದು ಸ್ವಲ್ಪ ನಡೆದರೆ ಚೋರ್ ಬಜಾರ್. ಇಂಥ ಹಳೆ ಸಾಮಾನಿನ ಬೀದಿಗಳಲ್ಲಿ ಅದೃಷ್ಟವಿದ್ದರೆ ಕಣ್ಣಿಗೆ ಬೀಳಬಹುದಾದ ವಸ್ತು ಡಿಕ್ಯಾಂಟರ್ ಸ್ಟ್ಯಾಂಡ್. ಮರದ ಚೌಕಟ್ಟು, ಬೆಳ್ಳಿ ಲೇಪದ ಹಿಡಿ, ಒಳಗೆ ಎರಡೋ ಮೂರೋ ಕಟ್‌ಗ್ಲಾಸ್ ಶೀಶೆ. ವಿಸ್ಕಿ, ಬ್ರಾಂಡಿ ತುಂಬಿಡುವುದಕ್ಕೆ. ಕೆಲವದರ ಮೇಲೆ ಯಾವ ಓಟ, ಯಾವ ಇಸವಿ, ಗೆದ್ದವರು ಯಾರು ಎಂದು ಕೆತ್ತಿರುತ್ತಾರೆ.

ಓಡಿ ಗೆದ್ದವನಿಗೆ ಮದ್ಯದ ಸ್ಟ್ಯಾಂಡು ಯಾಕೆ ಅಂತೀರಾ? ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ‘ಅಮೆಚೂರ್’ ಆಟಗಾರ ದುಡ್ಡಿಗಾಗಿ ಆಡುವಂತಿರಲಿಲ್ಲ. ಹಾಗಾಗಿ ಕಪ್ಪು, ಗಡಿಯಾರ, ಟೀ ಸೆಟ್ಟು, ಇಲ್ಲವೇ ಇಂಥ ಸ್ಟ್ಯಾಂಡು. ಹೊಟ್ಟೆಪಾಡಿನ ಚಿಂತೆ ಇಲ್ಲದವರಿಗೆ ಒಪ್ಪುವ ಬಹುಮಾನ. ಅಷ್ಟಕ್ಕೇ ನಿಲ್ಲಲಿಲ್ಲ. 1866ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಮೆಚೂರ್ ಅಥ್ಲೆಟಿಕ್ ಕ್ಲಬ್ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಯವರನ್ನೇ ಹೊರಗಿಟ್ಟಿತು. 1880ರಲ್ಲಿ ಬಂದ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಶನ್ ಆ ನಿಯಮವನ್ನು ಕೈಬಿಟ್ಟಿತು. ಆದರೆ ಹೆನ್ಲಿಯ ಪ್ರಸಿದ್ಧ ದೋಣಿ ಸ್ಪರ್ಧೆಯಲ್ಲಿ ಕೂಲಿಕಾರರಿಗಿದ್ದ ನಿಷೇಧ 1937ರವರೆಗೂ ಉಳಿಯಿತು.

ಈ ಸ್ಟ್ಯಾಂಡುಗಳಲ್ಲೇ ಬೀಗವಿರುವ ಒಂದು ಬಗೆಗೆ ‘ಟ್ಯಾಂಟಲಸ್’ ಎಂದು ಹೆಸರು. 1881ರಲ್ಲಿ ಲಂಡನ್ನಿನ ಬೆಟ್ಜೆಮನ್ ಅದಕ್ಕೆ ಪೇಟೆಂಟ್ ಪಡೆದ. ಶೀಶೆಗಳ ಬಿರಡೆಯ ಮೇಲೊಂದು ಅಡ್ಡಪಟ್ಟಿ, ಪಟ್ಟಿಗೊಂದು ಬೀಗ, ಬೀಗದ ಕೈ ಯಜಮಾನರ ಜೇಬಿನಲ್ಲಿ. ಮನೆಯಾಳುಗಳು ಗುಟುಕು ಕದಿಯಬಾರದಲ್ಲ! ಗ್ರೀಕ್ ಪುರಾಣದ ಟ್ಯಾಂಟಲಸ್ ರಾಜ ನೀರಿನಲ್ಲೇ ನಿಂತಿದ್ದರೂ ಬಗ್ಗಿದೊಡನೆ ನೀರು ಹಿಂದೆ ಸರಿಯುತ್ತಿತ್ತಂತೆ. ದುಡಿಯುವವರ ಪಾಲಿಗೆ ಆಟದ ನಿಯಮವೂ ಇದೇ ಬೀಗ: ನೋಡಬಹುದು, ಮುಟ್ಟುವಂತಿಲ್ಲ.

ಬ್ರಿಟಿಷರು ಹೋದಲ್ಲೆಲ್ಲ ಇಂಥ ಆಟ, ಇಂಥ ಕಪ್ಪುಗಳನ್ನು ಕೊಂಡೊಯ್ದರು. ನಮ್ಮ ಮುಂಬಯಿಯಲ್ಲಿ 1891ರಲ್ಲಿ ಶುರುವಾದ ರೋವರ್ಸ್ ಕಪ್ ಫುಟ್ಬಾಲ್ ಎಷ್ಟೋ ದಶಕ ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲೇ ಇತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು ಗೊತ್ತೇ? ನಮ್ಮ ಬೆಂಗಳೂರು ಮುಸ್ಲಿಮ್ಸ್. ಅದೂ ಹೆನ್ಲಿಯವರು ನಿಯಮ ತಿದ್ದಿದ 1937ರಲ್ಲೇ. ಮರುವರ್ಷವೂ ಕಪ್ಪು ಅವರದೇ.

ಈಗ ನಮ್ಮ ಉಪನಗರಗಳ ಸೊಸೈಟಿಗಳಲ್ಲೂ ಕ್ರಿಕೆಟ್ ಟೂರ್ನಮೆಂಟು, ಆಳೆತ್ತರದ ಟ್ರೋಫಿ. ‘ಸದಸ್ಯರಿಗೆ ಮಾತ್ರ’ ಎಂಬ ನೋಟಿಸು ಕೂಡ ಸಾಮಾನ್ಯ. ಗೇಟಿನ ಬಳಿ ನಿಂತು ಬೌಂಡರಿಗೆ ಹೋದ ಚೆಂಡನ್ನು ಎಸೆದುಕೊಡುವ ವಾಚ್‌ಮನ್ ಮಗನಿಗೆ ಆಟ ಬರುವುದಿಲ್ಲವೇ? ಬೀಗದ ಕೈ ಈಗ ನಮ್ಮ ಜೇಬಿನಲ್ಲಿದೆ. ಈ ಸಲ ಹೆಸರು ಬರೆದುಕೊಳ್ಳುವಾಗ ಅವನದನ್ನೂ ಕೇಳಿ.