ಠಾಣೆಯ ಒಳಕೋಣೆಗೂ ಕ್ಯಾಮೆರಾ ಬರಲಿ

ಶಿವಗಂಗೆಯ ಒಳಕಲ್ಲು ತೀರ್ಥಕ್ಕೆ ಕೈಯಿಳಿಸಿದಾಗ ನೀರು ಸಿಕ್ಕರೆ ಪುಣ್ಯವಂತ, ಸಿಗದಿದ್ದರೆ ಪಾಪಿ ಅನ್ನುತ್ತೇವೆ. ಇರಲಿ, ನೀರು ಸಿಗದವರನ್ನು ಬೆಟ್ಟದ ಮೇಲೆ ಯಾರೂ ಕೂಡಿಹಾಕುವುದಿಲ್ಲ. ಆದರೆ ಠಾಣೆಯ ಒಳಕೋಣೆಯಲ್ಲಿ ಪಾಪಿ ಯಾರೆಂದು ತೀರ್ಮಾನವಾಗುವ ಬಗೆ ಊರಿಗೂ ಕೋರ್ಟಿಗೂ ಕಾಣಬೇಡವೇ?

ಕುಶಾಲನಗರ ಕಡೆಯ ಆದಿವಾಸಿ ಕೂಲಿಕಾರನೊಬ್ಬ ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟ. ಎಲ್ಲೋ ಸಿಕ್ಕ ಅಸ್ಥಿಪಂಜರ ಅವಳದೇ ಎಂದಾಗಿ, ದೂರು ಕೊಟ್ಟವನೇ ಕೊಲೆ ಆರೋಪಿಯಾದ. ವರ್ಷ ಮೀರಿ ಜೈಲಿನಲ್ಲಿ ಕೊಳೆತ. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತ ಸಿಕ್ಕಳು! ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ವಿಚಾರಣೆಯ ಕೋಣೆಯಲ್ಲಿ ಅವನನ್ನು ಏನು ಕೇಳಿದರು, ಹೇಗೆ ಕೇಳಿದರು? ಮೊದಲ ಪ್ರಶ್ನೆಯಿಂದ ಕೊನೆಯ ಉತ್ತರದವರೆಗೆ ರೆಕಾರ್ಡ್ ಆಗಿದ್ದರೆ ನ್ಯಾಯಾಧೀಶರು ಮೊದಲ ದಿನವೇ ಕೇಳಿಸಿಕೊಳ್ಳಬಹುದಿತ್ತು.

2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ ಮನೆ ಶೋಧಕ್ಕೆ, ಜಪ್ತಿಗೆ ವಿಡಿಯೊ ಕಡ್ಡಾಯ ಮಾಡಿದೆ. ಬೀರು ತೆಗೆಯುವುದಕ್ಕೆ ಕ್ಯಾಮೆರಾ ಬೇಕು, ಬಾಯಿ ಬಿಡಿಸುವುದಕ್ಕೆ ಬೇಡ! ಪೊಲೀಸರೆದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಜ. ಆದರೆ ಆ ಮಾತಿನಿಂದ ಕತ್ತಿಯೋ ಒಡವೆಯೋ ಪತ್ತೆಯಾದರೆ ಅಷ್ಟು ಭಾಗ ನಿಲ್ಲುತ್ತದೆ. ಲಾಠಿಗೆ ಆಸೆ ಹುಟ್ಟುವುದು ಅಲ್ಲೇ.

ಕ್ಯಾಮೆರಾ ಇಟ್ಟರೆ ಕಳ್ಳ ಬಾಯಿ ಬಿಡುವುದಿಲ್ಲ ಎಂದು ಪೊಲೀಸರು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ 1984ರ ಕಾಯ್ದೆಯ ನಂತರ ವಿಚಾರಣೆಯನ್ನು ಟೇಪ್ ಮಾಡುವುದು ರೂಢಿಯಾಯಿತು. ಅಲ್ಲಿ ಅಪರಾಧ ಪತ್ತೆ ನಿಂತುಹೋಗಿಲ್ಲ. ಕೈ ಎತ್ತದ ಸಬ್‌ಇನ್‌ಸ್ಪೆಕ್ಟರ್ ಮೇಲೆ ಸುಳ್ಳು ಆರೋಪ ಬಂದ ದಿನ ಅವರನ್ನು ಕಾಯುವುದೂ ಅದೇ ರೆಕಾರ್ಡಿಂಗ್.

2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಗೂ ಧ್ವನಿಸಹಿತ ಸಿಸಿಟಿವಿ ಇರಬೇಕು, ದೃಶ್ಯ 18 ತಿಂಗಳು ಉಳಿಯಬೇಕು ಎಂದಿತು. ಠಾಣಾಧಿಕಾರಿಯೇ ಅದಕ್ಕೆ ಹೊಣೆ. ಕ್ಯಾಮೆರಾಗಳು ಕೆಲಸ ಮಾಡುತ್ತಿಲ್ಲವೆಂದು 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಸಾಲದ್ದಕ್ಕೆ, ಕಂಬದ ಮೇಲಿನ ಕ್ಯಾಮೆರಾ ಪ್ರಶ್ನೋತ್ತರದ ದಾಖಲೆಯಾಗದು.

ಸೋಂಪುರ ಹೋಬಳಿಯ ಕಾರ್ಖಾನೆಗಳಿಗೆ ಬಿಹಾರ, ಒಡಿಶಾಗಳಿಂದ ಬಂದ ಹುಡುಗರಿದ್ದಾರೆ. ಕಳವಾದಾಗ ನಮ್ಮ ಬೆರಳು ಮೊದಲು ತಿರುಗುವುದು ಅವರ ಕಡೆಗೆ. ‘ನಾಲ್ಕು ಬಿಟ್ಟರೆ ತಾನೇ ಹೇಳ್ತಾನೆ’ ಎನ್ನುವವರು ನಾವೇ. ಆ ಮಾತು ಇವತ್ತೇ ನಿಲ್ಲಲಿ. ನೆಲಮಂಗಲ ತಾಲ್ಲೂಕಿನವರೇ, ಠಾಣೆಗೆ ಹೋಗಿ: ಸಿಸಿಟಿವಿ ಇದೆಯೆಂಬ ಕನ್ನಡದ ಫಲಕ ತೂಗಿದೆಯೇ ನೋಡಿ, ಧ್ವನಿ ದಾಖಲಾಗುತ್ತಿದೆಯೇ ಎಂದು ಕೇಳಿ. ಮುಂದಿನ ಗ್ರಾಮಸಭೆಯಲ್ಲಿ ಕೈಯೆತ್ತಿ ನಿರ್ಣಯ ಬರೆಸಿ: ಆರೋಪಿಯ ವಿಚಾರಣೆ ಪೂರ್ತಿ ರೆಕಾರ್ಡ್ ಆಗಬೇಕು, ಆಗದಿದ್ದರೆ ಆ ಹೇಳಿಕೆಯ ಒಂದಕ್ಷರವೂ ಕೋರ್ಟಿಗೆ ಹೋಗಬಾರದು. ಅದರ ಪ್ರತಿ ಜಿಲ್ಲಾಧಿಕಾರಿಗೂ ನಿಮ್ಮ ಶಾಸಕರಿಗೂ ತಲುಪಲಿ.