ಗಾಜಿನ ಬಾಗಲಾ ಅಂಗಡಿಗೆ ಸೈ, ಮನಿಗೆ ಬ್ಯಾಡ

ಹಾವೇರಿ, ರಾಣೆಬೆನ್ನೂರಾಗ ಪಿ.ಬಿ. ರೋಡಿಗುಂಟ ಹೊಸಾ ಅಂಗಡಿ ನೋಡ್ರಿ, ಚೌಕಟ್ಟಿಲ್ಲದ ಗಾಜಿನ ಬಾಗಲಾನ ಹೆಚ್ಚು. ಈಗ ಅದು ಮನಿ ತಲಬಾಗಲಕ್ಕೂ ಬರಾಕತ್ತೈತಿ. ನಮ್ಮ ಬಳಗದಾಗ ಇಬ್ಬರು ಮನಿ ಕಟ್ಟಸಾಕತ್ತಾರ, ಒಬ್ಬಾಕಿ ಬಟ್ಟಿ ಅಂಗಡಿ ತಗಿಯಾಕತ್ತಾಳ. ಮೂವರೂ ಕೇಳ್ಯಾರ, ಅದಕ್ಕ ಒಮ್ಮೆ ಬರದಬಿಡ್ತೀನಿ: ಅಂಗಡಿಗೆ ಹಾಕಸ್ರಿ, ತಲಬಾಗಲಕ್ಕ ಬ್ಯಾಡ.

ಚೌಕಟ್ಟಿಲ್ಲ ಅಂದ್ರ ಹೊಸ್ತಿಲಾನೂ ಇಲ್ಲ. ಈ ಬಾಗಲಾ ನಿಲ್ಲೂದು ನೆಲದಾಗ ಹುಗದ ಸ್ಪ್ರಿಂಗ್ ಡಬ್ಬಿ ಮ್ಯಾಲೆ, ಫ್ಲೋರ್ ಸ್ಪ್ರಿಂಗ್ ಅಂತಾರ ಅದಕ್ಕ. ಮುಂಜಾನೆದ್ದು ಅರಿಷಿಣ ಕುಂಕುಮ ಎಲ್ಲಿ ಹಚ್ಚೂದು? ತೋರಣ ಎಲ್ಲಿಗೆ ಕಟ್ಟೂದು? ಹಳೇ ಕಾಲದ ಮಾತಂತ ನಗಬ್ಯಾಡ್ರಿ. ಧೂಳಾ, ಮಳಿನೀರು, ಹುಳಾ-ಹುಪ್ಪಡಿ ತಡಿಯೂದೂ ಅದ ಹೊಸ್ತಿಲಾ. ಗಾಜಿನ ಬಾಗಲದ ಸುತ್ತ ಸಂದಿ ಬಿಡಲೇಬೇಕು, ಇಲ್ಲಂದ್ರ ತಿರಗೂದಿಲ್ಲ. ಬ್ಯಾಡಗ್ಯಾಗ ಮೆಣಸಿನಕಾಯಿ ಸೀಜನ್ನಿನಾಗ ಕಟಗಿ ಬಾಗಲಾ ಮುಚ್ಚಿದ್ರೂ ಕೆಮ್ಮು ತಪ್ಪೂದಿಲ್ಲ, ಇನ್ನ ಈ ಸಂದ್ಯಾಗ ಕೇಳೂದ ಬ್ಯಾಡ. ಮತ್ತ ನಾವು ದಿನಾ ಬಾಗಲಾ ಮುಂದ ನೀರ ಹೊಡದು ತೊಳಿಯಾವ್ರು. ಆ ಡಬ್ಬ್ಯಾಗ ನೀರ ಇಳದ್ರ ತುಕ್ಕ ಹಿಡೀತೈತಿ. ಬೆಳಕ ಬೇಕಂದ್ರ ಕಟಗಿ ಚೌಕಟ್ಟಿನಾಗ ಗಾಜು ಕೂಡಸ್ರಿ, ಯಾರ ಬ್ಯಾಡಂದಾರ?

ಅಂಗಡಿ ಮಾತ ಬ್ಯಾರೆ. ಸೀರಿ ಹೊರಗಿಂದ ಕಾಣಬೇಕು, ಧೂಳ ಕಡಿಮಿ ಬೀಳಬೇಕು, ರಾತ್ರಿಗೆ ಹೆಂಗೂ ಶಟರ್ ಇರ್ತೈತಿ. ಆದ್ರ ರೇಟ್ ಅಷ್ಟ ಕೇಳಿ ಬರಬ್ಯಾಡ್ರಿ. ಟಫನ್ಡ್ ಗಾಜು ಹೌದೋ ಅಲ್ಲೋ ಕೇಳ್ರಿ, ಮೂಲ್ಯಾಗ ಅಳಸದಂಗ ಒತ್ತಿದ ಐ.ಎಸ್.ಐ. ಗುರ್ತು, ಐ.ಎಸ್. 2553 ಅಂತ ಐತೇನ ನೋಡ್ರಿ. ಸಾದಾ ಗಾಜು ಒಡದ್ರ ಚಾಕು ಹಂಗ ಸೀಳತೈತಿ. ಟಫನ್ಡ್ ಒಡದ್ರ ಕಲ್ಲಸಕ್ರಿ ಹಳ್ಳಿನಂಗ ಚೂರಾಗತೈತಿ. ಇಂಥಾ ಬಾಗಲಕ್ಕ ಸಾಮಾನ್ಯ 12 ಎಂ.ಎಂ. ದಪ್ಪಂದು ಹಾಕ್ತಾರ. 7 ಅಡಿ ಎತ್ತರ, 3 ಅಡಿ ಅಗಲ ಇದ್ರ ಹತ್ತಿರ ಹತ್ತಿರ 58 ಕೆ.ಜಿ. ತೂಗತೈತಿ, ಒಂದ ಸಿಮೆಂಟ್ ಚೀಲಕಿಂತ ಜಾಸ್ತಿ! ಅಷ್ಟನ್ನೂ ಹಿಡಿಯೂದು ಆ ಸ್ಪ್ರಿಂಗು, ಮ್ಯಾಲೊಂದು ಕೆಳಗೊಂದು ಪಟ್ಟಿ. ಅಲ್ಲಿ ಸೋವಿ ಮಾಲ್ ಹಾಕಿ ರೊಕ್ಕ ಉಳಸಬ್ಯಾಡ್ರಿ.

ಇನ್ನೊಂದು, ಟೈಲ್ಸ್ ಕೂತ ಮ್ಯಾಲೇ ಅಳತಿ ಕೊಡ್ರಿ. ಟಫನ್ಡ್ ಮಾಡಿದ ಮ್ಯಾಲೆ ಅದನ್ನ ಕೊರಿಯಾಕ, ತೂತ ಹಾಕಾಕ ಬರೂದಿಲ್ಲ. ಅರ್ಧ ಇಂಚು ದೊಡ್ಡದಾತಂದ್ರ ಇಡೀ ಗಾಜು ದಂಡ. ನಡುವ ಬಡದ್ರ ತಡಕೋತೈತಿ, ಅಂಚಿಗೆ ಪೆಟ್ಟಾದ್ರ ಮಾತ್ರ ಉಳಿಯೂದು ಕಷ್ಟ. ಸಾಮಾನು ಒಳಗ ಒಯ್ಯು ಹುಡುಗರಿಗೆ ಹೇಳಿಟ್ಟಿರ್ರಿ.

ನನಗ ಸಿಟ್ಟ ಬರೂದು ಯಾವುದಕ್ಕಂದ್ರ, ಗಾಜಿನ ಮ್ಯಾಲೆ ಏನೂ ಅಂಟಸೂದಿಲ್ಲ. ‘ಶೋ ಹೋಗತೈತ್ರಿ ಅಕ್ಕಾರ’ ಅಂತಾರ. ನಮ್ಮ ಚಿಗವ್ವ ಹೋದ ವರ್ಷ ಒಂದ ಅಂಗಡ್ಯಾಗ ಬಾಗಲಾ ತೆರದೈತಿ ಅಂತ ತಿಳದು ಸೀದಾ ಹೋಗಿ ಹಣಿ ಬಡಸಿಕೊಂಡ್ಲು, ಚಾಳೀಸು ಒಡೀತು. ಎಪ್ಪತ್ತರ ಮುದಿಕಿಗೆ ಗಾಜು ಹೆಂಗ ಕಾಣಬೇಕ್ರಿ? ದೊಡ್ಡವರ ಕಣ್ಣಿನ ಎತ್ತರಕ್ಕೊಂದು, ಸಣ್ಣ ಹುಡುಗರ ಎತ್ತರಕ್ಕೊಂದು ಪಟ್ಟಿ ಅಂಟಸ್ರಿ. ಸ್ಟಿಕರ್ ಸಿಗೂತನಕ ಟಿಕಳಿ ಪಾಕೀಟಾದ್ರೂ ತಂದು ಸಾಲಾಗಿ ಹಚ್ರಿ.