ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ?

ತಲಪಾಡಿ ದಾಟಿದರೆ ಸಾಕು, ಜೂನ್ 19 ಬಂತೆಂದರೆ ಶಾಲೆಗಳಲ್ಲಿ ಓದಿನ ಸಡಗರ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನವನ್ನು ಅಲ್ಲಿ 1996ರಿಂದ ವಾಚನ ದಿನವೆಂದು ಆಚರಿಸುತ್ತಾರೆ. ಸುರಿಯುವ ಮಳೆಯಲ್ಲೇ ಅದು ಒಂದು ವಾರ ನಡೆಯುತ್ತದೆ. ಮಂಜೇಶ್ವರ, ಉಪ್ಪಳದ ನೆಂಟರ ಮನೆಗಳಿಂದ ಇದರ ಸುದ್ದಿ ಕೇಳುವಾಗಲೆಲ್ಲ ನಮಗೊಂದು ಸಣ್ಣ ಹೊಟ್ಟೆಕಿಚ್ಚು.

ನಮಗೂ ಇಲ್ಲವೆಂದಲ್ಲ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಇಡೀ ದೇಶಕ್ಕೇ ಇದೆ. ಆದರೆ ನಮ್ಮಲ್ಲಿ ಅದು ಮಕ್ಕಳ ದಿನಾಚರಣೆಯ ವೇಷ ಸ್ಪರ್ಧೆಯಲ್ಲೇ ಮುಗಿದುಹೋಗುತ್ತದೆ. ಬಾಡಿಗೆಯ ಡ್ರೆಸ್, ಒಂದು ಫೋಟೋ, ಮೂವರಿಗೆ ಸ್ಟೀಲ್ ತಟ್ಟೆ. ಪುಸ್ತಕ ಮಾತ್ರ ಕಪಾಟಿನೊಳಗೇ.

ನಮ್ಮ ಮನೆಗಳಲ್ಲಿ "ಓದಿದ್ಯಾ?" ಎಂದು ಕೇಳಿದರೆ ಎರಡೇ ಅರ್ಥ. ಒಂದೋ ಮದ್ರಸದ ಪಾಠ, ಇಲ್ಲಾಂದ್ರೆ ಪರೀಕ್ಷೆಯ ಪಾಠ. ಕತೆ ಓದಿದ್ಯಾ ಎಂದು ಕೇಳಿದವರು ಎಷ್ಟು ಮಂದಿ ಇದ್ದೇವೆ? 'ಇಕ್ರಅ್' ಎಂದು ಶಾಲೆಯ ಕಮಾನಿನ ಮೇಲೆ ಬರೆಸುವುದರಲ್ಲಿ ಮಾತ್ರ ನಾವು ಹಿಂದೆ ಬಿದ್ದವರಲ್ಲ.

ಒಂದನೇ ತರಗತಿಯ ಬ್ಯಾರಿ ಮಗುವಿನ ಪಾಡನ್ನು ಸ್ವಲ್ಪ ಯೋಚಿಸಿ. ಮನೆಯಲ್ಲಿ ಬ್ಯಾರಿ. ಬೆಳಿಗ್ಗೆ ಮದ್ರಸದಲ್ಲಿ ಅರಬಿ ಅಕ್ಷರ. ಹತ್ತು ಗಂಟೆಗೆ ಕನ್ನಡವೋ ಇಂಗ್ಲಿಷೋ. ಮೂರು ಲಿಪಿಗಳನ್ನು ಮಗು ಜೋಡಿಸುತ್ತದೆ, ಸಲೀಸಾಗಿ ಉಚ್ಚರಿಸುತ್ತದೆ. ಏನು ಓದಿದೆ ಎಂದು ಕೇಳಿದರೆ ನೆಲ ನೋಡುತ್ತದೆ. "ಓದ್ತಾನೆ, ಆದ್ರೆ ಬಾಯಿ ಬಿಡೋದಿಲ್ಲ" ಎಂದು ಟೀಚರು ಹೇಳಿದಾಗ ನಾವು ಮಗನನ್ನೇ ಗದರುತ್ತೇವೆ. ತಪ್ಪು ಅವನದಲ್ಲ. ಅಕ್ಷರದ ಹಿಂದೆ ಕತೆಯೊಂದು ಇರುತ್ತದೆ, ಅದು ಅವನ ಮನೆಯ ಮಾತಿಗೂ ಬರುತ್ತದೆ ಎಂದು ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಹಾಗಾಗಿ ಓದಿನ ವಾರ ನಡೆಸುವುದಾದರೆ ಅದರಲ್ಲಿ ಒಂದು ದಿನ ಪೂರ್ತಿ ಮನೆಯ ಕತೆಗೇ ಇರಲಿ ಎಂಬುದು ನಮ್ಮ ಒತ್ತಾಯ. ಮಗು ಅಜ್ಜಿಯಿಂದ ಕೇಳಿದ ಕತೆಯನ್ನು ಬ್ಯಾರಿಯಲ್ಲೇ ಹೇಳಲಿ. ಟೀಚರು ಅದನ್ನು ಕನ್ನಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಯಲಿ, ಪಕ್ಕದಲ್ಲೇ ಅದರ ಕನ್ನಡ. ಟೀಚರಿಗೆ ಬ್ಯಾರಿ ಬಾರದಿದ್ದರೆ ಇನ್ನೂ ಒಳ್ಳೆಯದು! ಮಕ್ಕಳೇ ತಿದ್ದುತ್ತಾರೆ, ಕ್ಲಾಸಿಡೀ ನಗುತ್ತದೆ, ಬಾಯಿ ಬಿಡದ ಹುಡುಗ ಅಂದು ಟೀಚರಿಗೇ ಟೀಚರಾಗುತ್ತಾನೆ. ಪ್ರತಿ ವರ್ಷ ಅಕ್ಟೋಬರ್ 3ರಂದು ಬ್ಯಾರಿ ಭಾಷಾ ದಿನದ ವೇದಿಕೆಯಲ್ಲಿ ಭಾಷೆ ಉಳಿಸಿ ಎಂದು ಭಾಷಣ ಮಾಡುವ ನಮಗೆ ಇದಕ್ಕಿಂತ ಸುಲಭದ ಕೆಲಸ ಬೇರೆ ಎಂತ ಬೇಕು?

ಇನ್ನೊಂದು ದಿನ ಅಜ್ಜಿಯರನ್ನೇ ಕರೆಯೋಣ. ಶಾಲೆಯ ದಾಖಲೆಯಲ್ಲಿ ಅನಕ್ಷರಸ್ಥೆ ಎಂದು ಬರೆಸಿಕೊಂಡ ನಮ್ಮ ಎಷ್ಟೋ ಹಿರಿಯ ಹೆಂಗಸರು ಅರಬಿ ಮಲಯಾಳಂ ಓದಬಲ್ಲವರು. ಮಗ್ರಿಬ್ ಆದ ಮೇಲೆ ಮುಹಿಯುದ್ದೀನ್ ಮಾಲೆ ಓದಿ ಬೆಳೆದವರು. 1607ರಲ್ಲಿ ಕಲ್ಲಿಕೋಟೆಯ ಖಾಝಿ ಮುಹಮ್ಮದರು ಬರೆದ ಮಾಲೆ ಅದು. ಮಾಲೆ ಓದುವ ಪದ್ಧತಿಯ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯ ಇದೆ, ಇರಲಿ. ಅಜ್ಜಿಗೆ ಓದು ಬರುತ್ತದೆ ಎಂಬುದು ಮೊಮ್ಮಗಳಿಗೆ ಗೊತ್ತಾಗಬೇಕಲ್ಲ!

ಉಪ್ಪ ಗಲ್ಫಿನಲ್ಲಿರುವ ಮಕ್ಕಳಿಗೆ ಏನು ಮಾಡುವುದು? ಮೂರು ನಿಮಿಷದ ಸಣ್ಣ ಕತೆಯೊಂದನ್ನು ಅವರು ಅಲ್ಲಿಂದಲೇ ಓದಿ ವಾಟ್ಸಾಪಿನಲ್ಲಿ ಧ್ವನಿ ಕಳಿಸಲಿ. ಜುಬೈಲಿನ ಲೇಬರ್ ಕ್ಯಾಂಪಿನಿಂದ ಬಂದ ಉಪ್ಪನ ದನಿಯನ್ನು ಇಡೀ ತರಗತಿ ಕಿವಿಗೊಟ್ಟು ಕೇಳುವಾಗ ಆ ಮಗುವಿನ ಮುಖ ಹೇಗಿರಬಹುದು! ಪುಸ್ತಕ ಎಲ್ಲಿಂದ ಎಂದು ಕೇಳಬೇಡಿ. ಪ್ರಥಮ್ ಬುಕ್ಸಿನ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕತೆಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ನ್ಯಾಷನಲ್ ಬುಕ್ ಟ್ರಸ್ಟಿನ ಪುಸ್ತಕಗಳೂ ಅಗ್ಗ. ಪಂಚಾಯತ್ ಗ್ರಂಥಾಲಯವೂ ಇದೆ.

ಉಸ್ತಾದರು ಒಂದು ಬೆಳಿಗ್ಗೆ ಯೂಸುಫ್ ನೆಬಿಯ ಕತೆ ಹೇಳಲಿ. ಆ ವಾರ ಟ್ಯೂಷನ್‌ಗೆ ರಜೆ ಕೊಡಿ. ಮುಖ್ಯ ಅತಿಥಿ, ಶಾಲು, ಬಹುಮಾನ ಬೇಡ. ಓದಿಗೆ ಫಸ್ಟ್, ಸೆಕೆಂಡ್ ಕೊಟ್ಟ ದಿನವೇ ತಡವರಿಸುವ ಮಗು ಹಿಂದಿನ ಬೆಂಚಿಗೆ ಹೋಗಿ ಕೂರುತ್ತದೆ.

"ಇಂಗ್ಲಿಷ್ ಬಂದರೆ ಸಾಕು, ಬ್ಯಾರಿ ಕತೆ ಯಾಕೆ?" ಎನ್ನುವ ತಾಯಂದಿರೂ ಇದ್ದಾರೆ. ಅವರ ಭಯ ನಮಗೆ ಅರ್ಥವಾಗುತ್ತದೆ, ಫೀಸು ಕಟ್ಟುವವರು ನಾವೂ ಹೌದು. ಆದರೆ ಗೊತ್ತಿರುವ ಭಾಷೆಯಲ್ಲಿ ಕತೆಯ ರುಚಿ ಹತ್ತಿದ ಮಗು ಇನ್ನೊಂದು ಭಾಷೆಯ ಪುಸ್ತಕಕ್ಕೂ ತಾನಾಗಿಯೇ ಕೈ ಹಾಕುತ್ತದೆ. ರುಚಿಯೇ ಹತ್ತದ ಮಗು ಯಾವ ಭಾಷೆಯಲ್ಲೂ ಗೈಡ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ನಾವು ಕಂಡ ಒಂದು ಶಾಲೆಯಲ್ಲಿ ಕಪಾಟು ತುಂಬ ಪುಸ್ತಕವಿತ್ತು, ಬೀಗವೂ ಇತ್ತು. ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. "ಹರಿದರೆ ಲೆಕ್ಕ ಕೊಡಬೇಕಾದವರು ನಾವು" ಎಂದರು ಟೀಚರು. ಅವರ ಮಾತಿನಲ್ಲೂ ಹುರುಳಿದೆ ಮಾರಾಯ್ರೆ. ಹರಿದ ಪುಸ್ತಕದ ಹಣ ಪೋಷಕರ ಸಮಿತಿ ಭರಿಸುತ್ತದೆ, ಟೀಚರನ್ನು ಯಾರೂ ಕೇಳಬಾರದು ಎಂದು ಒಂದು ನಿರ್ಣಯ ಬರೆದರೆ ಅರ್ಧ ಕೆಲಸ ಆದಂತೆ. ಮುಂದಿನ ಸಭೆಗೆ ಹೋದಾಗ ಬಿಸಿಯೂಟ, ಯೂನಿಫಾರ್ಮ್ ಎಲ್ಲ ಮಾತಾಡಿ ಆದ ಮೇಲೆ, ಎದ್ದು ಬರುವ ಮೊದಲು, ಆ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಒಮ್ಮೆ ಕೇಳಿ ಬನ್ನಿ.